ಐವರಲ್ಲಿ ಒಬ್ಬ

ಎಡವಟ್ಟು ಶುರುವಾದದ್ದು ಒಂದು ಸಣ್ಣ ಚೌಕದಿಂದ. ಹದಿನೈದು ವರ್ಷದ ಹಿಂದೆ ಒಂದು ಭಾನುವಾರ ಮಧ್ಯಾಹ್ನ, ನಿಧಾನಿ ತಾನು ಬರೆದ ಪ್ರೋಗ್ರಾಮನ್ನು ಲೋಕಕ್ಕೆ ಬಿಟ್ಟುಕೊಡಲು ಕಂಪ್ಯೂಟರಿನ ಮುಂದೆ ಕೂತಿದ್ದ. ಇಂಥ ಪ್ರೋಗ್ರಾಮುಗಳನ್ನು ಹಂಚುವ ವೆಬ್‌ಸೈಟು ಮೊದಲು ಹೆಸರು ಕೇಳಿತು, ಕೊಟ್ಟ. ಏನು ಕೆಲಸ ಮಾಡುತ್ತದೆ ಎಂದು ಕೇಳಿತು, ಹೇಳಿದ. ಆಮೇಲೆ ‘ಇದನ್ನು ನೋಡಿಕೊಳ್ಳುವವರು ಎಷ್ಟು ಜನ?’ ಎಂದು ಕೇಳಿ ಎದುರಿಗೆ ಒಂದು ಖಾಲಿ ಚೌಕ ಇಟ್ಟಿತು. ನಿಧಾನಿ ಪ್ರಾಮಾಣಿಕವಾಗಿ ಒಂದು ಎಂದು ತುಂಬಿದ. ತುಂಬಿ ಸ್ವಲ್ಪ ಹಿಂದೆ ಸರಿದು ನೋಡಿದ. ಕರೆಯದೆ ಮದುವೆಮನೆಗೆ ಬಂದು ಮೂಲೆಯಲ್ಲಿ ನಿಂತವನ ಹಾಗೆ ಕಂಡಿತು ಆ ಅಂಕಿ. ಒಬ್ಬನೇ ಒಬ್ಬ ನೋಡಿಕೊಳ್ಳುವ ಪ್ರೋಗ್ರಾಮನ್ನು ಯಾರು ತಾನೇ ನಂಬಿಯಾರು? ಅವನಿಗೆ ನೆಗಡಿಯಾದರೆ ಅದರ ಗತಿ ಏನು? ನಿಧಾನಿ ಒಂದನ್ನು ಅಳಿಸಿ ಐದು ಮಾಡಿದ.

ಐದು ಎಂದಮೇಲೆ ಹೆಸರೂ ಐದು ಬೇಕಲ್ಲ. ಆ ಲೋಕದಲ್ಲಿ ಅಡ್ಡಹೆಸರು ಇಟ್ಟುಕೊಂಡು ಓಡಾಡುವವರೇ ಹೆಚ್ಚು, ಮುಖವನ್ನಂತೂ ಯಾರೂ ಕೇಳುವುದಿಲ್ಲ. ಹಾಗಾಗಿ ನಿಧಾನಿ ಒಂದೇ ಮಧ್ಯಾಹ್ನದಲ್ಲಿ ನಾಲ್ಕು ಜನರನ್ನು ಹುಟ್ಟಿಸಿದ. ಬುದ್ಧಿಮಾತು ಹೇಳುವುದಕ್ಕೆ ‘ಅಜ್ಜಯ್ಯ’. ಎಲ್ಲದಕ್ಕೂ ತಕರಾರು ತೆಗೆಯುವುದಕ್ಕೆ ‘ಗುಡುಗು’. ಸದ್ದಿಲ್ಲದೆ ದೋಷ ತಿದ್ದುವುದಕ್ಕೆ ‘ಇರುವೆ’. ಅಷ್ಟು ಹೊತ್ತಿಗೆ ಕಲ್ಪನೆ ಬರಿದಾಗಿದ್ದರಿಂದ ನಾಲ್ಕನೆಯವನಿಗೆ ‘ಮೌನಿ’ ಎಂದು ಹೆಸರಿಟ್ಟ. ಮೌನಿಯದು ಎಲ್ಲದಕ್ಕೂ ‘ಸರಿ’ ಅನ್ನುವ ಕೆಲಸ.

ನಿಧಾನಿ ಅನ್ನುವುದೂ ಅಡ್ಡಹೆಸರೇ. ಅದನ್ನು ಆಫೀಸಿನವರು ಇಟ್ಟದ್ದು. ಬಸ್ಸಿಗೆ, ಟೀ ಅಂಗಡಿಗೆ, ಕೈ ತೊಳೆಯುವ ನಲ್ಲಿಗೆ, ಎಲ್ಲಿ ನಾಲ್ಕು ಜನ ನಿಂತಿದ್ದರೂ ಅವನು ಐದನೆಯವನಾಗಿ ನಿಲ್ಲುತ್ತಿದ್ದ. ಹಿಂದಿನವರು ಮುಂದೆ ನುಗ್ಗಿದರೆ ಆರನೆಯವನಾಗುತ್ತಿದ್ದ. ಇಂಥವನು ಬರೆದ ಪ್ರೋಗ್ರಾಮು ಇನ್ನೇನಿದ್ದೀತು? ಅದರ ಹೆಸರು ‘ಸರದಿ’. ಆಸ್ಪತ್ರೆ, ಅಂಚೆ ಕಚೇರಿ, ಬ್ಯಾಂಕುಗಳಲ್ಲಿ ಬಂದವರಿಗೆ ಬಂದ ಕ್ರಮದಲ್ಲಿ ಚೀಟಿ ಕೊಡುವುದು, ಕ್ರಮ ತಪ್ಪದೆ ಒಳಗೆ ಕರೆಯುವುದು, ಇಷ್ಟೇ ಅದರ ಕೆಲಸ.

ಅವನ ತಾಯಿ ಕೊನೆಯ ಕಾಯಿಲೆಯಲ್ಲಿ ಆಸ್ಪತ್ರೆಯ ಓಣಿಯಂಥ ಪಡಸಾಲೆಯಲ್ಲಿ ಆರು ಗಂಟೆ ಕಾದಿದ್ದಳು. ಗೊತ್ತಿದ್ದವರು, ಗಟ್ಟಿ ಗಂಟಲಿನವರು, ಬಿಳಿ ಬಟ್ಟೆಯವರು ಒಬ್ಬೊಬ್ಬರೇ ಮುಂದೆ ಹೋದರು. ತಾಯಿ “ಇರಲಿ ಬಿಡೋ, ಅವರಿಗೇನು ಅವಸರವೋ” ಅಂದಳು. ಅವಳು ಹೋದ ಮೂರು ತಿಂಗಳಿಗೆ ನಿಧಾನಿ ಸರದಿ ಬರೆದು ಮುಗಿಸಿದ. ಮಾರಲಿಲ್ಲ. ಓಪನ್ ಸೋರ್ಸ್ ಎಂದು ಬಿಟ್ಟ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಒಳಗೇನಿದೆ ಎಂದು ಬಿಚ್ಚಿ ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ದುಡ್ಡಿದ್ದವನನ್ನು ಮುಂದೆ ಬಿಡುವ ದಾರಿ ಮಾತ್ರ ಅದರೊಳಗೆ ಇರಲಿಲ್ಲ. ಅವನು ಬದುಕಿನಲ್ಲಿ ಮಾಡಿದ ಒಳ್ಳೆಯ ಕೆಲಸ ಅದೊಂದೇ ಎಂದು ಅವನೇ ನಂಬಿದ್ದ.

ಐದು ಜನರ ತಂಡಕ್ಕೆ ನಿಯಮಾವಳಿ ಬೇಡವೇ? ಅದನ್ನೂ ಬರೆದ. ಒಂದನೆಯ ನಿಯಮ: ಐವರಲ್ಲಿ ಮೂವರು ಒಪ್ಪಿದರೆ ಯಾವ ಬದಲಾವಣೆಯನ್ನಾದರೂ ಮಾಡಬಹುದು. ಎರಡನೆಯ ನಿಯಮ: ಕೇಳಿದ ದಿನ ಉತ್ತರಿಸದವರು ಒಪ್ಪಿದಂತೆ. ಎರಡನೆಯದಕ್ಕೆ ಕಾರಣ ಸೋಮಾರಿತನ. ಪ್ರತಿ ಸಣ್ಣ ತಿದ್ದುಪಡಿಗೂ ನಾಲ್ಕು ಖಾತೆ ತೆರೆದು ನಾಲ್ಕು ಸಲ ‘ಸರಿ’ ಅನ್ನುವುದು ಅವನಿಗೆ ಬೇಸರವಾಗುತ್ತಿತ್ತು.

ಹೀಗೆ ಹದಿನೈದು ವರ್ಷ ಸರದಿಯ ಚರ್ಚೆಯ ಪುಟದಲ್ಲಿ ಅಜ್ಜಯ್ಯ ಬುದ್ಧಿ ಹೇಳಿದ, ಗುಡುಗು ಜಗಳವಾಡಿದ, ಇರುವೆ ದುಡಿದ. ಸರದಿ ಸಾವಿರಾರು ಆಸ್ಪತ್ರೆಗಳಿಗೆ ಹೋಯಿತು. ಅದನ್ನು ಅಲ್ಲಲ್ಲಿ ಕೂರಿಸಿಕೊಟ್ಟು ರಿಪೇರಿ ಮಾಡುತ್ತಿದ್ದದ್ದು ನಿಧಾನಿ ಕೆಲಸಕ್ಕಿದ್ದ ಪುಟ್ಟ ಕಂಪನಿ. ಚಪ್ಪಲಿ ಅಂಗಡಿಯ ಮೇಲಿನ ಎರಡು ಕೋಣೆ, ಹನ್ನೊಂದು ಜನ, ಒಂದು ಫ್ಯಾನು.

ಆ ಕಂಪನಿಯನ್ನು ಒಂದು ಮಂಗಳವಾರ ಬೆಳಿಗ್ಗೆ ದೊಡ್ಡ ಕಂಪನಿಯೊಂದು ಕೊಂಡುಕೊಂಡಿತು.

ಸುದ್ದಿ ಹೇಳುವಾಗ ಮಾಲೀಕನ ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗುವಿತ್ತು. “ನಮ್ಮನ್ನ ಕೊಂಡುಕೊಂಡಿಲ್ಲ, ನಾವೆಲ್ಲ ಒಂದು ದೊಡ್ಡ ಕುಟುಂಬಕ್ಕೆ ಸೇರ್ತಾ ಇದೀವಿ,” ಅಂದ. ದೊಡ್ಡ ಕುಟುಂಬದ ಕಡೆಯಿಂದ ಒಬ್ಬ ವಕೀಲೆ ಬಂದಿದ್ದಳು. ತೆಳ್ಳಗೆ, ನಿಧಾನವಾಗಿ ಮಾತಾಡುವ ಹೆಂಗಸು. ಆಕೆ ನಿಧಾನಿಯನ್ನು ಒಳಕೋಣೆಗೆ ಕರೆದು ಕೂರಿಸಿದಳು.

“ಸರ್, ಕುರ್ಚಿ, ಮೇಜು, ಕಂಪ್ಯೂಟರು, ಕರಾರು, ಎಲ್ಲಾ ನಮ್ಮ ಕೈಗೆ ಬಂತು. ಒಂದು ಮಾತ್ರ ಬಂದಿಲ್ಲ. ಸರದಿ. ಅದು ಕಂಪನೀದಲ್ಲ, ನಿಮ್ಮ ಐದು ಜನರದ್ದು. ಅದರ ಹೆಸರು, ಅದರ ವೆಬ್‌ಸೈಟು, ಮುಂದಿನ ತಿದ್ದುಪಡಿ ಹಕ್ಕು, ಇಷ್ಟನ್ನ ನಮಗೆ ಒಪ್ಪಿಸ್ಬೇಕು.”

“ಒಪ್ಪಿಸಿದ್ರೆ ಏನ್ ಮಾಡ್ತೀರಿ?”

“ಚೆನ್ನಾಗಿ ಬೆಳೆಸ್ತೀವಿ. ಹೊಸದಾಗಿ ‘ಆದ್ಯತೆ’ ಅಂತ ಒಂದು ಸೌಲಭ್ಯ ತರ್ತೀವಿ. ಅವಸರ ಇರೋರು ಸ್ವಲ್ಪ ಶುಲ್ಕ ಕೊಟ್ಟು ಮುಂದೆ ಹೋಗಬಹುದು.”

ಪಡಸಾಲೆಯ ಬೆಂಚು, ತಾಯಿಯ ಮಡಿಲಲ್ಲಿದ್ದ ಔಷಧಿಯ ಚೀಲ, ಎಲ್ಲ ನಿಧಾನಿಯ ಕಣ್ಣಮುಂದೆ ಬಂದವು. “ಆಗಲ್ಲ,” ಅಂದ. ಇಷ್ಟು ನೇರವಾಗಿ ಅವನು ಯಾರಿಗೂ ಯಾವತ್ತೂ ‘ಆಗಲ್ಲ’ ಅಂದದ್ದಿಲ್ಲ. ಹೇಳಿದ ಮೇಲೆ ಅವನಿಗೇ ಗಾಬರಿಯಾಯಿತು.

ವಕೀಲೆ ಬೇಸರಪಟ್ಟುಕೊಳ್ಳಲಿಲ್ಲ. “ನಿಮ್ಮದು ಒಂದು ಓಟು. ನಿಮ್ಮ ನಿಯಮದಲ್ಲೇ ಇದೆಯಲ್ಲ, ಮೂವರು ಒಪ್ಪಿದ್ರೆ ಸಾಕು ಅಂತ. ಈಗಿರೋ ಹಳೇ ಪ್ರತಿ ಹಾಗೇ ಬಿದ್ದಿರತ್ತೆ, ಯಾರು ಬೇಕಾದ್ರೂ ಇಟ್ಕೋಬಹುದು, ಅದನ್ನ ನಾವು ಮುಟ್ಟಲ್ಲ. ಆದ್ರೆ ಆಸ್ಪತ್ರೆಯವರು ಹೆಸರಿರೋ ಕಡೆ ಬರ್ತಾರೆ. ಇವತ್ತು ನಾಲ್ಕು ಗಂಟೆಗೆ ವಿಡಿಯೋ ಕರೆ ಇಟ್ಕೊಂಡಿದೀನಿ. ಐದೂ ಜನ ಮುಖ ತೋರಿಸಿ ಬಾಯಲ್ಲಿ ಹೇಳ್ಬೇಕು. ಬರದೇ ಇದ್ದೋರು ನಿಮ್ಮ ಎರಡನೇ ನಿಯಮದ ಪ್ರಕಾರ ಒಪ್ಪಿದ ಹಾಗೆ.”

ಅಲ್ಲೇ, ಆ ಕ್ಷಣದಲ್ಲೇ ನಿಧಾನಿ ನಿಜ ಹೇಳಬೇಕು ಅಂತ ಬಾಯಿ ತೆರೆದ. ತೆರೆದದ್ದು ಸತ್ಯ. ಆದರೆ ಅಷ್ಟರಲ್ಲಿ ಮಾಲೀಕ ಒಳಗೆ ಬಂದು ಅವನ ಹೆಗಲ ಮೇಲೆ ಕೈಯಿಟ್ಟು, “ಮೇಡಂ, ಇವರ ಐದು ಜನದ ತಂಡ ನೋಡಿಯೇ ಅಲ್ವಾ ಆಸ್ಪತ್ರೆಯವರು ನಮ್ಮನ್ನ ನಂಬಿದ್ದು! ಇವರೊಬ್ಬರೇ ಆಗಿದ್ರೆ ಯಾರು ಕೇಳ್ತಿದ್ರು?” ಅಂದುಬಿಟ್ಟ. ವಕೀಲೆ ನಿಧಾನಿಯ ತೆರೆದ ಬಾಯಿಯನ್ನೇ ನೋಡುತ್ತಾ, “ಏನೋ ಹೇಳೋಕೆ ಹೊರಟಿದ್ರಿ ಸರ್,” ಅಂದಳು. ನಿಧಾನಿ ಬಾಯಿ ಮುಚ್ಚಿ ಮತ್ತೆ ತೆರೆದ. “ನಾಲ್ಕು ಗಂಟೆಗೆ ಎಲ್ಲರೂ ಬರ್ತಾರೆ,” ಅಂದ.

ಮನೆಗೆ ಓಡಿ ಬಂದಾಗ ಹನ್ನೆರಡೂವರೆ. ಮೂರನೇ ಮಹಡಿಯ ಮನೆ. ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. ಎರಡು ದಿನಕ್ಕೆಂದು ಬಂದು ಮೂರು ವಾರವಾಗಿದ್ದ ಅವಳ ತಮ್ಮ ಸೋಫಾದ ಉದ್ದಕ್ಕೂ ಮಲಗಿ ಫೋನು ನೋಡುತ್ತಿದ್ದ. ನಿಧಾನಿ ನಿಂತಲ್ಲೇ ಎಲ್ಲವನ್ನೂ ಒದರಿದ. ಅಜ್ಜಯ್ಯ ಇಲ್ಲ, ಗುಡುಗು ಇಲ್ಲ, ಇರುವೆ ಇಲ್ಲ, ಮೌನಿ ಇಲ್ಲ. ಎಲ್ಲ ನಾನೇ.

ಹೆಂಡತಿಯ ಕೈಯಲ್ಲಿದ್ದ ಟವೆಲು ಅರ್ಧಕ್ಕೇ ನಿಂತಿತು.

ಅವಳ ಸ್ಥಿತಿಯನ್ನು ಸ್ವಲ್ಪ ವಿವರಿಸಬೇಕು. ಹದಿನೈದು ವರ್ಷದಿಂದ ಆ ನಾಲ್ವರು ಅವಳ ಸಂಸಾರದಲ್ಲಿ ಇದ್ದರು. “ಇವತ್ತು ಸಿನಿಮಾ ಬೇಡ, ಇರುವೆ ಕಾಯ್ತಿದಾರೆ.” “ಗುಡುಗು ಮತ್ತೆ ಜಗಳ ತೆಗೆದಿದಾನೆ, ಊಟ ಆಮೇಲೆ ಮಾಡ್ತೀನಿ.” ಪ್ರತಿ ಸಂಜೆ ಗಂಡ ಪಕ್ಕದ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದ. ಅವಳು ಪಾಪ ಒಳ್ಳೆಯವಳು, ಅವರ ಯೋಗಕ್ಷೇಮ ವಿಚಾರಿಸುತ್ತಿದ್ದಳು. ಅಜ್ಜಯ್ಯನಿಗೆ ಚಳಿಗೆ ಗಂಟಲು ಕಟ್ಟುತ್ತದೆ ಎಂದು ಅವನು ಬಾಯಿಗೆ ಬಂದದ್ದು ಹೇಳಿದಾಗ, ಉಣ್ಣೆ ತಂದು ಒಂದು ಮಫ್ಲರ್ ಹೆಣೆದುಕೊಟ್ಟಿದ್ದಳು.

“ಹಾಗಾದ್ರೆ ಆ ಮಫ್ಲರ್?” ಅಂದಳು.

“ಆಫೀಸಿನ ಡ್ರಾಯರಲ್ಲಿದೆ.”

“ಅವರಿಗೆ ತುಂಬಾ ಇಷ್ಟ ಆಯ್ತು ಅಂದ್ರಲ್ಲ. ಫೋನ್ ಮಾಡಿ ಥ್ಯಾಂಕ್ಸ್ ಹೇಳಿದ್ರು ಅಂದ್ರಲ್ಲ.”

ನಿಧಾನಿ ನೆಲ ನೋಡಿದ. ಅವಳು ಟವೆಲನ್ನು ಮಡಿಸಿ ಇಟ್ಟಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಭಾವಮೈದನಿಗೆ ಮಾತ್ರ ಹಬ್ಬ. ಅವನು ಸೋಫಾದಿಂದ ಎದ್ದು ಕೂತ. ಮೂರು ವಾರದಲ್ಲಿ ಅದೇ ಮೊದಲು. “ಭಾವ, ತಲೆ ಕೆಡಿಸ್ಕೋಬೇಡಿ. ನಾಲ್ಕು ಜನ ತಾನೇ ಬೇಕು? ನಾನು ಗುಡುಗು. ಅಕ್ಕ ಮೌನಿ. ಇನ್ನಿಬ್ಬರನ್ನ ಈ ಕಟ್ಟಡದಲ್ಲೇ ಹಿಡಿಯೋಣ. ಎಲ್ಲರೂ ‘ಒಪ್ಪಲ್ಲ’ ಅಂದುಬಿಟ್ರೆ ಮುಗೀತು.”

ಮುಳುಗುವವನಿಗೆ ಭಾವಮೈದನೂ ದೋಣಿಯ ಹಾಗೆ ಕಂಡ. ಇಬ್ಬರೂ ಹೊರಟರು.

ಎದುರುಮನೆಯ ನಿವೃತ್ತ ಹೆಡ್‌ಮಾಸ್ತರು ಅಜ್ಜಯ್ಯನಾಗಲು ಒಪ್ಪಿದರು, ಆದರೆ ವಿಷಯ ತಿಳಿಯದೆ ಬಾಯಿ ಬಿಡುವುದಿಲ್ಲ ಅಂದರು. ನಿಧಾನಿ ಅರ್ಧ ಗಂಟೆ ಓಪನ್ ಸೋರ್ಸ್ ಎಂದರೇನು ಎಂದು ವಿವರಿಸಿದ. ಅವರು ನೋಟುಪುಸ್ತಕದಲ್ಲಿ ಅಂಚು ಬಿಟ್ಟು ಬರೆದುಕೊಂಡರು. ಕೊನೆಗೆ ಕನ್ನಡಕದ ಮೇಲಿಂದ ನೋಡಿ, “ಅಂದ್ರೆ ಯಾರೂ ಸಂಬಳ ಕೊಡಲ್ಲ, ಯಾರೂ ಹೇಳಿಲ್ಲ, ಆದ್ರೂ ನೀನು ಹದಿನೈದು ವರ್ಷ ಮಾಡಿದೆ. ಜೊತೆಗೆ ಯಾರಾದ್ರೂ ಬಂದ್ರೇನಪ್ಪಾ?” ಅಂದರು.

“ತೊಗೊಂಡು ಹೋಗೋಕೆ ಸಾವಿರಾರು ಜನ ಬಂದ್ರು ಮೇಷ್ಟ್ರೇ. ಜೊತೆಗೆ ಯಾರೂ ಬರಲಿಲ್ಲ.”

ಹೇಳುವಾಗ ಅವನ ದನಿ ಸಣ್ಣಗಾಯಿತು. ನಾಲ್ವರನ್ನು ಹುಟ್ಟಿಸಿದ್ದು ಬರೀ ಮೋಸಕ್ಕಲ್ಲ. ಮೊದಮೊದಲು ಅವನು ನಿಜವಾಗಿಯೂ ಕಾದಿದ್ದ. ಯಾರಾದರೂ ಬಂದರೆ ಒಬ್ಬೊಬ್ಬರನ್ನೇ ತೆಗೆದುಹಾಕುವುದು ಅಂದುಕೊಂಡಿದ್ದ. ಕಾದು ಕಾದು, ಕಡೆಗೆ ಆ ನಾಲ್ವರೇ ಅಭ್ಯಾಸವಾಗಿ ಹೋದರು.

ಇರುವೆಯಾಗಬೇಕಿದ್ದ ಕೆಳಗಿನ ಅಂಗಡಿಯ ಟೈಲರಮ್ಮ ಏನನ್ನೂ ಕೇಳಲಿಲ್ಲ. ನಿಧಾನಿ ಶುಲ್ಕದ ವಿಷಯ ಹೇಳಿ ಮುಗಿಸುವಷ್ಟರಲ್ಲಿ, ಹೊಲಿಗೆ ಯಂತ್ರ ನಿಲ್ಲಿಸದೆ, “‘ಒಪ್ಪಲ್ಲ’ ಅನ್ಬೇಕು, ಅಷ್ಟೇ ತಾನೇ ಅಣ್ಣಾ? ಒಂದೇ ಮಾತಿಗೆ ಇಷ್ಟು ಬೆವರ್ತೀರಲ್ಲ,” ಅಂದಳು.

ನಾಲ್ಕು ಗಂಟೆಗೆ ತೆರೆಯ ಮೇಲೆ ಆರು ಚೌಕಗಳು ಮೂಡಿದವು. ವಕೀಲೆಯದೊಂದು. ಮಲಗುವ ಕೋಣೆಯಲ್ಲಿ ನಿಧಾನಿ. ಅಡುಗೆಮನೆಯಲ್ಲಿ, ದೂರದ ಊರಿನಲ್ಲಿದ್ದೇನೆ ಎಂಬ ಮುಖ ಹೊತ್ತು ಭಾವಮೈದ. ಹಾಲಿನಲ್ಲಿ ಹೆಂಡತಿ. ತಮ್ಮ ಮನೆಯಲ್ಲಿ ಹೆಡ್‌ಮಾಸ್ತರು. ಅವರು ಕ್ಯಾಮೆರಾಕ್ಕೆ ಎಷ್ಟು ಹತ್ತಿರ ಕೂತಿದ್ದರೆಂದರೆ ಮೂಗು ಮತ್ತು ಕನ್ನಡಕ ಮಾತ್ರ ಹಾಜರಿದ್ದವು. ಅಂಗಡಿಯಲ್ಲಿ ಟೈಲರಮ್ಮ.

ವಕೀಲೆ ಎಲ್ಲರಿಗೂ ನಮಸ್ಕಾರ ಹೇಳುತ್ತಿದ್ದಂತೆ ಅಡುಗೆಮನೆಯ ಕುಕ್ಕರು ಕೂಗಿತು. ಗುಡುಗಿನ ಚೌಕದಲ್ಲಿ ಕೂಗಿತು, ಮೌನಿಯ ಚೌಕದಲ್ಲಿ ಕೂಗಿತು, ನಿಧಾನಿಯ ಚೌಕದಲ್ಲೂ ಕೂಗಿತು.

“ಮೂರು ಊರಲ್ಲೂ ಒಂದೇ ಸಲ ಬೇಳೆ ಬೆಂದ ಹಾಗಿದೆ,” ಅಂದಳು ವಕೀಲೆ.

“ಕಾಕತಾಳೀಯ,” ಅಂದ ನಿಧಾನಿ. ಬೆವರು ಕಿವಿಯ ಹಿಂದಿನಿಂದ ಇಳಿದು ಕಾಲರಿನೊಳಗೆ ಹೋಯಿತು.

“ಶುರು ಮಾಡೋಣ. ಇದು ರೆಕಾರ್ಡ್ ಆಗ್ತಿದೆ. ಸರ್, ನಿಮ್ಮ ಅಭಿಪ್ರಾಯ?”

“ನಾನು ಒಪ್ಪಲ್ಲ.”

“ಗುಡುಗು ಅವರೇ?”

ಭಾವಮೈದ ಮೇಜು ಗುದ್ದಿದ. ಚಮಚಗಳು ಕುಣಿದವು. “ಒಪ್ಪೋ ಮಾತೇ ಇಲ್ಲ! ಜನರ ಸೊತ್ತನ್ನ ಕೊಳ್ಳೋಕೆ ನೀವ್ಯಾರು? ನನ್ನ ಹೆಣದ ಮೇಲೆ—”

“ಇದೇ! ಈ ಖಡಕ್ಕುತನಕ್ಕೇ ನಿಮ್ಮ ಬಗ್ಗೆ ನಮಗೆ ಗೌರವ,” ಅಂದಳು ವಕೀಲೆ ತಣ್ಣಗೆ. “ಹೊಸ ವ್ಯವಸ್ಥೆಯಲ್ಲಿ ನಮಗೆ ತಪ್ಪು ಎತ್ತಿ ತೋರಿಸೋ ಒಬ್ಬ ಅಧಿಕಾರಿ ಬೇಕು. ನೀವೇ ಅಂತ ಅಂದ್ಕೊಂಡಿದ್ವಿ. ನೀವು ವಿರೋಧ ಇದ್ರೆ ಬೇರೆಯವರನ್ನ ನೋಡ್ತೀವಿ.”

ಭಾವಮೈದನ ಗುದ್ದಿದ ಕೈ ಮೇಜಿನ ಮೇಲೇ ಉಳಿಯಿತು. ಅವನಿಗೆ ಕೆಲಸ ಹೋಗಿ ಏಳು ತಿಂಗಳಾಗಿತ್ತು. “ಅಧಿಕಾರಿ ಅಂದ್ರೆ... ಆಫೀಸು ಇರತ್ತಾ?”

“ಕಿಟಕಿ ಪಕ್ಕದ ಕೋಣೆ.”

“ನೋಡಿ, ವಿರೋಧ ಮಾಡೋದಾದ್ರೂ ಒಳಗಿದ್ದೇ ಮಾಡ್ಬೇಕು ಅನ್ನೋದು ನನ್ನ ಮೊದಲಿಂದಲೂ ಇರೋ ಸಿದ್ಧಾಂತ. ಒಪ್ಪಿಗೆ.”

ನಿಧಾನಿ ಗೋಡೆಯ ಆಚೆಗೆ ಕೇಳುವಷ್ಟು ಜೋರಾಗಿ ಹಲ್ಲು ಕಡಿದ.

“ಅಜ್ಜಯ್ಯ ಅವರೇ, ಆರು ವರ್ಷದ ಹಿಂದೆ ನೀವು ಚರ್ಚೆಯಲ್ಲಿ ಒಂದು ಮಾತು ಬರೆದಿದ್ರಿ. ‘ಕಾಯುವವನ ಸಮಯಕ್ಕೂ ಕಾಯಿಸುವವನ ಸಮಯದಷ್ಟೇ ಬೆಲೆ.’ ಅದನ್ನ ನಾವು ದೊಡ್ಡ ಅಕ್ಷರದಲ್ಲಿ ಬರೆಸಿ ಆಫೀಸಿನ ಗೋಡೆಗೆ ಹಾಕಿದೀವಿ.”

ಅದನ್ನು ಬರೆದದ್ದು ನಿಧಾನಿ. ತಾಯಿಯ ನೆನಪಿನಲ್ಲಿ ಬರೆದದ್ದು. ಥ್ಯಾಂಕ್ಸ್ ಹೇಳೋಣವೆಂದರೆ ಹೇಳುವ ಹಕ್ಕು ಅವನಿಗಿರಲಿಲ್ಲ.

ಹೆಡ್‌ಮಾಸ್ತರ ಮೂಗು ಮಾತ್ರ ಹಿಗ್ಗಿತು. ನಿವೃತ್ತರಾಗಿ ಹನ್ನೆರಡು ವರ್ಷದಲ್ಲಿ ಅವರ ಮಾತನ್ನು ಮನೆಯಲ್ಲೇ ಯಾರೂ ಕೇಳಿರಲಿಲ್ಲ, ಇನ್ನು ಗೋಡೆಗೆ ಹಾಕುವುದೆಲ್ಲಿ ಬಂತು? “ಹೌದು, ಬರೆದಿದ್ದೆ,” ಅಂದರು. “ಏನೋ ತೋಚಿತು, ಬರೆದೆ.” ಆಮೇಲೆ ನೋಟುಪುಸ್ತಕ ತಿರುವಿ, ಹದಿನೈದು ವರ್ಷದ ತಮ್ಮ ಶ್ರಮವನ್ನು ನೆನೆದು, ಸಂಸ್ಥೆ ತಮ್ಮ ಮಾರ್ಗದರ್ಶನ ಪಡೆಯುವುದಾದರೆ ಷರತ್ತಿನ ಮೇಲೆ ಒಪ್ಪಿಗೆ ಎಂದು ಘೋಷಿಸಿದರು. ಷರತ್ತು ಏನೆಂದು ವಕೀಲೆ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಎರಡು ಒಪ್ಪಿಗೆ, ಒಂದು ವಿರೋಧ. ಇನ್ನೊಂದು ಒಪ್ಪಿಗೆ ಬಿದ್ದರೆ ಸರದಿ ಹೋದ ಹಾಗೆ.

“ಇರುವೆ ಅವರೇ, ಸಾವಿರಕ್ಕೂ ಹೆಚ್ಚು ದೋಷ ತಿದ್ದಿದೀರಿ. ಒಂದು ದಿನ ಸುಸ್ತು ಅಂದಿಲ್ಲ. ಇನ್ನು ಆ ಹೊರೇನ ನಾವು ಹೊರ್ತೀವಿ.”

“ಹೊರೆ ಇರ್ಲಿ. ಅದೇನೋ ಶುಲ್ಕ ಕೊಟ್ಟೋರು ಮುಂದೆ ಹೋಗ್ತಾರಂತಲ್ಲ, ಅದು ಹೌದಾ?” ಅಂದಳು ಟೈಲರಮ್ಮ.

“ಅವಸರ ಇದ್ದೋರಿಗೆ ಮಾತ್ರ.”

“ಆಸ್ಪತ್ರೆಗೆ ಯಾರು ತಾಯಿ ಆರಾಮಾಗಿ ಬರ್ತಾರೆ? ಹೋದ ತಿಂಗಳು ಮಗೂಗೆ ಜ್ವರ ಬಂದಾಗ ನಂಗೆ ನಲವತ್ತೊಂದನೇ ಚೀಟಿ ಸಿಕ್ತು. ದೊಡ್ಡ ಕಾರಿನೋನಿಗೆ ನಲವತ್ತೆರಡು. ನನ್ನ ಹಿಂದೆ ಕೂತಿದ್ದ. ನಾನು ತಿರುಗಿ ಎರಡು ಸಲ ನೋಡಿದೆ, ಅಷ್ಟು ಖುಷಿಯಾಯ್ತು. ಅದನ್ನ ಕಿತ್ಕೋತೀರಾ? ಒಪ್ಪಲ್ಲ ಅಂದ್ರೆ ಒಪ್ಪಲ್ಲ.”

ನಿಧಾನಿಗೆ ಕುರ್ಚಿಯಿಂದ ಎದ್ದು ಕುಣಿಯಬೇಕು ಅನ್ನಿಸಿತು. ಹದಿನೈದು ವರ್ಷದಲ್ಲಿ ಸರದಿಯ ಬಗ್ಗೆ ಇಂಥ ಮಾತನ್ನು ಅವನು ಬೇರೆಯವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಕಾದದ್ದಕ್ಕೆ ಒಬ್ಬಳು ಸಿಕ್ಕಳಲ್ಲ, ಅದೂ ತನ್ನ ಮನೆಯ ಕೆಳಗೇ ಇದ್ದಳಲ್ಲ ಎಂದು ಕಣ್ಣು ಮಂಜಾಯಿತು.

ಎರಡು, ಎರಡು. ಉಳಿದದ್ದು ಮೌನಿ. ಅಂದರೆ ಹೆಂಡತಿ. ನಿಧಾನಿ ನಿರಾಳವಾಗಿ ಉಸಿರುಬಿಟ್ಟ. ಕೈಹಿಡಿದವಳು, ಅವಳೊಬ್ಬಳ ಬಗ್ಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

“ಮೌನಿ ಅವರೇ, ನೀವು ಇಷ್ಟು ವರ್ಷದಲ್ಲಿ ಏನನ್ನೂ ಹೇಳಿಲ್ಲ. ಇವತ್ತಾದ್ರೂ ಹೇಳಿ. ಈ ಕೆಲಸ ಮುಂದುವರಿಸೋ ಆಸೆ ಇದೆಯಾ?”

ಹೆಂಡತಿ ಮೆಲ್ಲಗೆ, “ಈ ಕೆಲಸ ನಿಮಗೆ ಕೊಟ್ಟುಬಿಟ್ರೆ, ಸಂಜೆ ಹೊತ್ತು ಇವರು ಮಾಡೋಕೆ ಏನೂ ಉಳಿಯಲ್ಲ ಅಲ್ವಾ?” ಅಂದಳು.

“ಏನೂ ಉಳಿಯಲ್ಲ.”

“ಒಪ್ಪಿಗೆ.”

ನಿಧಾನಿ ಕುರ್ಚಿ ಉರುಳಿಸಿಕೊಂಡು ಹಾಲಿಗೆ ಓಡಿದ. ಈಗ ಮೌನಿಯ ಚೌಕದಲ್ಲಿ ಇಬ್ಬರು ಕಾಣುತ್ತಿದ್ದರು. ಅವನ ಚೌಕದಲ್ಲಿ ಖಾಲಿ ಗೋಡೆ. “ಏನೇ ಇದು? ನಿಂಗೆ ಗೊತ್ತಿಲ್ವಾ ಅದು ನಂಗೆ ಏನು ಅಂತ?”

“ಗೊತ್ತು. ನಿಮಗೆ ಮಾತಾಡೋಕೆ ಜನ ಬೇಕಿತ್ತು. ಇಲ್ಲದೇ ಇರೋ ನಾಲ್ಕು ಜನರನ್ನ ಹುಟ್ಟಿಸ್ಕೊಂಡು ಹದಿನೈದು ವರ್ಷ ಮಾತಾಡಿದ್ರಿ. ಪಕ್ಕದ ಕೋಣೇಲಿ ನಾನಿದ್ದೆ ರೀ. ನಾನು ನಿಜವಾಗ್ಲೂ ಇದ್ದೆ.”

ಆ ಹೊತ್ತಿಗೆ ಅವನಿಗೆ ಆದ ನಾಚಿಕೆ ಅಷ್ಟಿಷ್ಟಲ್ಲ. ಆದರೆ ತೆರೆಯ ಮೇಲೆ ವಕೀಲೆ ಕಾಗದ ಜೋಡಿಸುತ್ತಿದ್ದಳು, ಇನ್ನೇನು ಕರೆ ಮುಗಿಸುವವಳಿದ್ದಳು. ನಿಧಾನಿ ಎರಡೂ ಕೈಯಲ್ಲಿ ಹೆಂಡತಿಯ ಫೋನು ಹಿಡಿದುಕೊಂಡು ಕೂಗಿದ:

“ಮೇಡಂ, ನಿಲ್ಲಿ! ಇದೆಲ್ಲಾ ಸುಳ್ಳು. ಇವಳು ನನ್ನ ಹೆಂಡತಿ. ಅಡುಗೆಮನೇಲಿರೋನು ನನ್ನ ಭಾವಮೈದ. ಅವರು ಎದುರುಮನೆ ಮೇಷ್ಟ್ರು, ಈಕೆ ಕೆಳಗಿನ ಅಂಗಡಿಯವರು. ಐದು ಜನ ಯಾವತ್ತೂ ಇರಲಿಲ್ಲ. ನಾನೊಬ್ಬನೇ!”

ಹೆಡ್‌ಮಾಸ್ತರ ಕನ್ನಡಕ ತೆರೆಯಿಂದ ಮೆಲ್ಲಗೆ ಹಿಂದೆ ಸರಿಯಿತು. ವಕೀಲೆಯ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ಗೊತ್ತು ಸರ್,” ಅಂದಳು. “ಕಂಪನಿ ಕೊಳ್ಳೋ ಮುಂಚೆ ಇಷ್ಟೂ ನೋಡಲ್ವಾ ನಾವು? ಐದೂ ಜನ ಪ್ರತಿ ವರ್ಷ ಅದೇ ಹತ್ತು ದಿನ ರಜ ಹಾಕ್ತಾರೆ. ಐದೂ ಜನಕ್ಕೆ ಒಂದೇ ದಿನ ಜ್ವರ ಬರತ್ತೆ.”

“ಗೊತ್ತಿದ್ದೂ ಬೆಳಿಗ್ಗೆ ಯಾಕೆ ಸುಮ್ಮನಿದ್ರಿ?”

“ನೀವೇ ಹೇಳಿಬಿಡ್ತೀರೇನೋ ಅಂತ ಹೆದರಿ ಕೂತಿದ್ದೆ. ನೀವು ಬಾಯಿ ತೆರೆದಾಗ ನನ್ನ ಕೈಕಾಲೇ ಆಡಲಿಲ್ಲ. ನೋಡಿ, ಐದು ಜನ ಇಲ್ಲ, ನಾನೊಬ್ಬನೇ ಅಂತ ನೀವು ಆಗ ಹೇಳಿದ್ದಿದ್ರೆ, ಸರದಿ ಪೂರ್ತಿ ನಿಮ್ಮೊಬ್ಬರದು. ನೀವೊಬ್ಬರು ‘ಆಗಲ್ಲ’ ಅಂದ್ರೆ ಮುಗೀತು, ಮೂವರು ಒಪ್ಪೋ ಪ್ರಶ್ನೆಯೇ ಇಲ್ಲ. ನಾನು ಖಾಲಿ ಕೈಯಲ್ಲಿ ವಾಪಸ್ ಹೋಗ್ಬೇಕಿತ್ತು.”

ನಿಧಾನಿ ಫೋನನ್ನು ಸೋಫಾದ ಮೇಲಿಟ್ಟು ಪಕ್ಕದಲ್ಲೇ ನೆಲದ ಮೇಲೆ ಕೂತ.

“ಈಗ ಲೆಕ್ಕ ಬೇರೆ,” ಆಕೆ ಮುಂದುವರಿಸಿದಳು. ದನಿಯಲ್ಲಿ ಗೆದ್ದ ಜಂಬವಿರಲಿಲ್ಲ. ಸ್ವಲ್ಪ ಮರುಕವೇ ಇತ್ತು. “ಆ ನಾಲ್ವರೂ ಇದ್ದಾರೆ ಅಂತಾದ್ರೆ ಮೂರು ಒಪ್ಪಿಗೆ, ಎರಡು ವಿರೋಧ. ಇಲ್ಲ, ಅವರೆಲ್ಲ ನೀವೇ, ನೀವೇ ಅವರ ಬಾಯಲ್ಲಿ ಹೇಳ್ಸಿದ್ದು ಅಂತಾದ್ರೆ, ನೀವು ಮೂರು ಸಲ ಒಪ್ಪಿ ಎರಡು ಸಲ ಬೇಡ ಅಂದಿದೀರಿ. ಎರಡರಲ್ಲಿ ಯಾವುದನ್ನ ಬರ್ಕೊಳ್ಳಲಿ?”

ಹೆಂಡತಿ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಮುಖ ತೊಳೆಯತೊಡಗಿದಳು. ಅಡುಗೆಮನೆಯಿಂದ ಭಾವಮೈದ ಇಣುಕಿ, “ಹಾಗಾದ್ರೆ ಮೇಡಂ, ಆ ಕಿಟಕಿ ಪಕ್ಕದ ಕೋಣೆ?” ಅಂದ.

“ಆ ಹುದ್ದೆ ಗುಡುಗು ಅವರಿಗೆ,” ಅಂದಳು ವಕೀಲೆ. “ಅವರ ಖಾತೆ, ಉಳಿದ ಮೂವರ ಖಾತೆ ಎಲ್ಲಾ ನಿಮ್ಮ ಭಾವನ ಆಫೀಸಿನ ಇಮೇಲ್‌ನಲ್ಲೇ ತೆರೆದಿದ್ದು. ಆಫೀಸು ಬೆಳಿಗ್ಗೆಯಿಂದ ನಮ್ಮದು. ಇನ್ನು ಆ ನಾಲ್ವರನ್ನೂ ನಾವೇ ನೋಡ್ಕೋತೀವಿ.” ನಮಸ್ಕಾರ ಹೇಳಿ ಕರೆ ಮುಗಿಸಿದಳು.

ಹೆಡ್‌ಮಾಸ್ತರು ಬಂದು, ಗೋಡೆಗೆ ಹಾಕಿದ ಆ ಮಾತಿನ ಕೆಳಗೆ ಯಾರ ಹೆಸರಿದೆ ಎಂದು ವಿಚಾರಿಸಿಕೊಂಡು ಹೋದರು. ಟೈಲರಮ್ಮ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ನಿಂತು, “ಬೆಳಿಗ್ಗೆ ನೀವೊಬ್ರೇ ಹೇಳಿದ್ರೆ ಆಗ್ತಿತ್ತಂತಲ್ಲ ಅಣ್ಣಾ,” ಅಂದಳು. ಅಷ್ಟೇ ಅಂದು ಇಳಿದು ಹೋದಳು. ಅವಳ ಮುಖ ನೋಡುವುದು ನಿಧಾನಿಗೆ ಆಗಲಿಲ್ಲ.

ಹೊತ್ತು ಇಳಿಯುತ್ತಿತ್ತು. ಅವನು ಪಕ್ಕದ ಕೋಣೆಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತ. ಇವತ್ತು ಬಾಗಿಲು ಮುಂದೆ ಮಾಡಿಕೊಳ್ಳಲಿಲ್ಲ. ಸರದಿಯ ಚರ್ಚೆಯ ಪುಟ ತೆರೆದು, ತನ್ನ ಹೆಸರಲ್ಲಿ, ಹದಿನೈದು ವರ್ಷದ ಹಿಂದೆ ಆ ಚೌಕದಲ್ಲಿ ಬರೆಯಬೇಕಾಗಿದ್ದದ್ದನ್ನು ಬರೆದ: ‘ಇಲ್ಲಿ ಐದು ಜನ ಎಂದೂ ಇರಲಿಲ್ಲ. ಒಬ್ಬನೇ ಇದ್ದ. ನನ್ನ ಅಂಜಿಕೆಯಿಂದ ಸರದಿ ಕೈತಪ್ಪಿ ಹೋಯಿತು. ಎಲ್ಲರ ಕ್ಷಮೆ ಕೇಳುತ್ತೇನೆ.’

ಬರೆದು, ಮನಸ್ಸು ಹಗುರಾಗಲಿ ಎಂದು ಕಾದ. ಎರಡು ನಿಮಿಷವಾಗಿರಲಿಲ್ಲ, ಕೆಳಗೆ ಒಂದು ಉತ್ತರ ಮೂಡಿತು.

‘ತಮ್ಮಾ, ಇಷ್ಟು ವರ್ಷ ದುಡಿದು ದಣಿದಿದ್ದೀಯೆ. ಸ್ವಲ್ಪ ವಿಶ್ರಾಂತಿ ತೆಗೆದುಕೋ. ಇನ್ನು ನಾವು ನಾಲ್ವರು ನೋಡಿಕೊಳ್ಳುತ್ತೇವೆ. — ಅಜ್ಜಯ್ಯ.’

ಅದರ ಕೆಳಗೆ ಇರುವೆ ಕೈಮುಗಿದಿದ್ದ. ಗುಡುಗು ಹೊಸ ಮಾಲೀಕರನ್ನು ಹೊಗಳಿದ್ದ. ಮೌನಿ ‘ಸರಿ’ ಅಂದಿದ್ದ. ನಿಧಾನಿ ಕಣ್ಣುಜ್ಜಿಕೊಂಡು ಮತ್ತೆ ಓದಿದ. ತಾನು ಇಷ್ಟು ವರ್ಷ ಬರೆದದ್ದಕ್ಕಿಂತ ಅಜ್ಜಯ್ಯನ ಭಾಷೆ ಈಗ ಚೆನ್ನಾಗಿದೆ ಅನ್ನಿಸಿತು.

ಹೆಂಡತಿ ಎರಡು ಲೋಟ ಕಾಫಿ ಹಿಡಿದು ಒಳಗೆ ಬಂದಿದ್ದಳು. ಹೊರಗೆ ಹೋಗೋಣವೆಂದು ಸೀರೆ ಬದಲಾಯಿಸಿದ್ದಳು. ಅವನ ಭುಜದ ಮೇಲಿನಿಂದ ಬಗ್ಗಿ ತೆರೆಯ ಮೇಲಿದ್ದದ್ದನ್ನು ಓದಿದಳು. ಓದಿ, ಒಂದು ಲೋಟವನ್ನು ಮೇಜಿನ ಮೇಲಿಟ್ಟಳು.

“ಇಷ್ಟೆಲ್ಲ ಆದ್ಮೇಲೂ ನೀವು ಇದನ್ನ ಬಿಡಲ್ವಾ?”

“ಇಲ್ಲ ಕಣೇ, ನಿನ್ನಾಣೆ. ಇದನ್ನ ಬರೆದಿದ್ದು ನಾನಲ್ಲ.”

ಆ ನಾಲ್ವರ ವಿಷಯದಲ್ಲಿ ಅವನು ತಾನಾಗಿ ಅವಳಿಗೆ ಹೇಳಿದ ಎರಡನೆಯ ನಿಜ ಅದು. ಮೊದಲನೆಯದನ್ನು ಮಧ್ಯಾಹ್ನ ನಂಬಿದ್ದಳು. ಇದನ್ನು ನಂಬಲಿಲ್ಲ. ತನ್ನ ಲೋಟ ತೆಗೆದುಕೊಂಡು ಹೊರಗೆ ಹೋಗಿ, ಬಾಗಿಲನ್ನು ತಾನೇ ಮುಂದೆ ಮಾಡಿದಳು.